ಕಂಬಳಿಯ ಮೇಲೆ ಕಟ್ಟಿದ ಎರಡು ಮನೆ

ಕುಂಡಲಿ ನೋಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹುಟ್ಟಿದ ಹೊತ್ತು ಕೇಳಿ ಊರವರ ಬದುಕನ್ನೆಲ್ಲ ಹೇಳುವ ಮನುಷ್ಯ, ತನ್ನ ಎಮ್ಮೆ ಯಾವಾಗ ಈಯುತ್ತದೆ ಎಂಬುದನ್ನು ಮಾತ್ರ ನೆರೆಯವರಿಂದ ಕೇಳಿ ತಿಳಿಯುತ್ತಾನೆ. ಈಗಲೂ ನಾನು ಅಂಥವರ ಹತ್ತಿರ ಹೋಗುವುದಿಲ್ಲ. ಮೊದಲು ಹೋಗದೆ ಇದ್ದದ್ದು ಅದೆಲ್ಲ ಸುಳ್ಳು ಎಂದು. ಈಗ ಹೋಗದೆ ಇರುವುದು ಅಂಜಿಕೆಯಿಂದ. ನಡುವೆ ಏನಾಯಿತು ಎಂಬುದನ್ನು ನಡೆದ ಹಾಗೆ ಹೇಳುತ್ತೇನೆ. ನಾನು ಸಾಲಿ ಕಲಿತವಳಲ್ಲ, ನಾಟಕದ ಬೋರ್ಡು ಓದುತ್ತ ಅಕ್ಷರ ಕೂಡಿಸಿಕೊಂಡವಳು. ಸಿಂಗಾರ ಮಾಡಿ ಹೇಳಲು ಬರುವುದಿಲ್ಲ. ನಂಬಿದರೆ ನಂಬಿರಿ, ಬಿಟ್ಟರೆ ಬಿಡಿರಿ.

ಎಪ್ಪತ್ತರ ದಶಕ ಅದು. ಗಂಡ ತೀರಿದ ಮೇಲೆ ನಾನು ಒಂದು ನಾಟಕ ಕಂಪನಿಯಲ್ಲಿ ಅಡುಗೆಗೆ ನಿಂತಿದ್ದೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ತಿಪ್ಪವ್ವ. ಬೋರ್ಡಿನ ಮೇಲೆ ಅವಳ ಹೆಸರು ಕುಸುಮಾ. ಕಂಪನಿ ಅನ್ನ ಕಾಣುತ್ತಿದ್ದದ್ದೇ ಅವಳ ಹಾಡಿನಿಂದ. ನಮ್ಮಿಬ್ಬರದೂ ಕಲಘಟಗಿ ತಾಲೂಕಿನ ತಂಬೂರ. ಗೋಡೆಗೆ ಗೋಡೆ ಹತ್ತಿದ ಮನೆ. ನನಗಿಂತ ಸಣ್ಣವಳು, ಅಕ್ಕಾ ಎನ್ನುತ್ತಿದ್ದಳು. ಅಕ್ಕ ಅನ್ನುವುದಕ್ಕೆ ಕಾರಣವೂ ಇತ್ತು.

ಅವಳ ತಾಯಿಗೆ ಮೊದಲು ಹುಟ್ಟಿದ ಹೆಣ್ಣು ಕೂಸು ತೊಟ್ಟಿಲಿಗೆ ಹಾಕುವ ಮೊದಲೇ, ಹೆಸರಿಲ್ಲದೆ ಹೋಗಿತ್ತು. ಹುಟ್ಟಿದ್ದು ಉಳಿಯದ ಮನೆಗಳಲ್ಲಿ ಆಗ ಒಂದು ಪದ್ಧತಿ ಇತ್ತು. ಮುಂದಿನ ಕೂಸು ಹುಟ್ಟಿದ ಕೂಡಲೇ ಅದನ್ನು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿ, ತನಗೆ ಸಂಬಂಧವೇ ಇಲ್ಲದ ಹಾಗೆ ತಾಯಿ ಮುಖ ತಿರುಗಿಸಿಕೊಳ್ಳಬೇಕು. ನೆರೆಮನೆಯವಳು ಯಾರದೋ ಕೂಸು ಬಿದ್ದಿದೆ ಎಂದು ಎತ್ತಿಕೊಂಡು ಬಂದು, ಒಂದು ಮೊರ ತೌಡು ತೆಗೆದುಕೊಂಡು ಅದೇ ತಾಯಿಗೆ ಮಾರಬೇಕು. ಸಾವು ಹುಡುಕಿಕೊಂಡು ಬಂದರೆ ಈ ಮನೆಯಲ್ಲಿ ಹುಟ್ಟಿದ ಕೂಸೇ ಇಲ್ಲ, ಕೊಂಡುಕೊಂಡದ್ದು ಮಾತ್ರ ಇದೆ. ತಿಪ್ಪೆಯಿಂದ ಬಂದವಳೆಂದು ತಿಪ್ಪವ್ವ ಎಂದು ಹೆಸರಿಟ್ಟರು. ಎತ್ತಿದವಳು, ಮಾರಿದವಳು ನಮ್ಮ ಅವ್ವ. ನಾನು ಅವ್ವನ ಸೀರೆ ಹಿಡಿದು ಅಲ್ಲೇ ನಿಂತಿದ್ದೆನಂತೆ. ಹೆತ್ತ ತಾಯಿ ತೀರಿದ ಮೇಲೆ ತಿಪ್ಪವ್ವನಿಗೆ ತವರು ಎಂದರೆ ನಮ್ಮ ಮನೆ. ನಮ್ಮ ಅವ್ವನನ್ನು ಅವಳು ಕರೆಯುತ್ತಿದ್ದದ್ದೇ "ಮಾರಿದವ್ವ" ಎಂದು.

ಕಂಪನಿಯಲ್ಲಿ ಅವಳ ತಲೆ ಬಾಚುವುದು, ಜಡೆ ಹಾಕುವುದು ನನ್ನ ಕೆಲಸ. ಆಗ ಒಂದು ಸಂಗತಿ ಕಾಣುತ್ತಿದ್ದೆ. ಜಡೆ ಮುಗಿದ ಮೇಲೂ ಅವಳು ಕನ್ನಡಿ ಬಿಟ್ಟು ಏಳುತ್ತಿರಲಿಲ್ಲ. ಚೆಲುವು ನೋಡಿಕೊಳ್ಳುವವರು ಮೂಗು, ಹುಬ್ಬು, ಕುಂಕುಮ ನೋಡಿಕೊಳ್ಳುತ್ತಾರೆ. ಇವಳು ಸುಮ್ಮನೆ ನೋಡುತ್ತ ಕೂತು, ಒಮ್ಮೊಮ್ಮೆ ಗಾಜನ್ನು ಬೆರಳಿನಿಂದ ಮುಟ್ಟುತ್ತಿದ್ದಳು. ನಾನು ಯಾರ ಮುಂದೆಯೂ ಇದನ್ನು ಆಡಿರಲಿಲ್ಲ. ಆಡುವಂಥದ್ದು ಏನಿದೆ?

ಅಣ್ಣಿಗೇರಿಯ ಕ್ಯಾಂಪಿನಲ್ಲಿ ಇದ್ದಾಗ ಸಿನೆಮಾದವರು ಬಂದು ಆಟ ನೋಡಿದರು. ಆಟ ಮುಗಿದ ಮೇಲೆ ಒಳಗೆ ಬಂದು, ಒಂದು ಚಿತ್ರಕ್ಕೆ ನಿನ್ನಂಥವಳೇ ಬೇಕು, ಮದರಾಸಿಗೆ ಬರುತ್ತೀಯಾ ಎಂದು ಕೇಳಿದರು. ಕಂಪನಿ ನವಲಗುಂದಕ್ಕೆ ಹೋಗುವುದರೊಳಗೆ ಹೂಂ ಅಥವಾ ಊಂಹೂಂ ಹೇಳಬೇಕು. ತಿಪ್ಪವ್ವನಿಗೆ ಅನ್ನ ಸೇರದಾಯಿತು. ಹೋಗುವ ಆಸೆ ಕಣ್ಣಿನಲ್ಲೇ ಕಾಣುತ್ತಿತ್ತು. ಹೋಗಿ ಅಲ್ಲಿ ನಡೆಯದಿದ್ದರೆ ಬಿಟ್ಟ ಕಂಪನಿ ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂಬ ಹೆದರಿಕೆಯೂ ಇತ್ತು. ಕಂಪನಿಯ ಮಾಲಕರು, "ದೇವಿಕೊಪ್ಪದ ಅಜ್ಜಾರನ್ನ ಒಂದು ಮಾತು ಕೇಳಿ ಬಾರವಾ, ಅವರು ಹೋಗಂದ್ರ ನಾನಽ ಕಾರಿನ ಬಾಗಲಾ ತಗದು ಕುಂದರಸ್ತೇನಿ" ಎಂದರು.

"ಮಾಲಕರಿಗೆ ನೀ ಹೋಗೂದು ಬ್ಯಾಡಾಗೇತಿ. ಆ ಅಜ್ಜಗ ಮೊದಲಽ ಹೇಳಿ ಕಳಿಸಿರತಾರ" ಎಂದೆ ನಾನು.

"ಇರಲಿ ಬಾರ ಅಕ್ಕಾ. ಸುಳ್ಳು ಹೇಳಿದ್ರ ನಕ್ಕು ಬರೂಣು. ಹಂಗಽ ತಂಬೂರಕ್ಕ ಹೋಗಿ ಮಾರಿದವ್ವನ ಕೈಯಾಗ ಉಂಡು ಬರೂಣು."

ಹುಬ್ಬಳ್ಳಿಗೆ ಬಂದು, ಕಲಘಟಗಿ ಬಸ್ಸು ಹಿಡಿದು, ಅಲ್ಲಿಂದ ದೇವಿಕೊಪ್ಪಕ್ಕೆ ಹೋದೆವು. ಅಜ್ಜ ಎಂದರೆ ಕೃಶವಾದ ಮುದುಕ, ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಅವನದು ಪಂಚಾಂಗದವರ ಕುಂಡಲಿ ಅಲ್ಲ. ಅವರ ಮನೆಗಳು ಆಕಾಶದಲ್ಲಿ ಇರುತ್ತವೆ, ಇವನ ಮನೆ ಮೈಯೊಳಗೆ. ಕರಿ ಕಂಬಳಿ ಹಾಸಿ, ಅದರ ಮೇಲೆ ವಿಭೂತಿಯಿಂದ ಗೆರೆ ಎಳೆದು ಒಂಬತ್ತು ಕೋಣೆಯ ಒಂದು ಮನೆ ಕಟ್ಟುತ್ತಿದ್ದ. ನೆತ್ತಿ ಒಂದು ಕೋಣೆ, ಕಣ್ಣು ಒಂದು, ಗಂಟಲು ಒಂದು, ಎದೆ ಒಂದು, ಹೀಗೆ ಕಾಲಿನ ತನಕ. ಹುಟ್ಟಿದ ಹೊತ್ತು ಯಾವುದು, ಬಾಣಂತಿಯ ಕೋಣೆಯ ಬಾಗಿಲು ಎತ್ತ ಇತ್ತು, ಮಾಸು ಎಲ್ಲಿ ಹುಗಿದರು, ದನಗಳು ಆಗ ಏನು ಮಾಡುತ್ತಿದ್ದವು ಎಂದು ಕೇಳುತ್ತಿದ್ದ. ಅದರ ಮೇಲೆ ಏನೋ ಲೆಕ್ಕ ಹಾಕಿ ಜೋಳದ ಕಾಳು ಇಡುತ್ತಿದ್ದ. ಕಾಳು ಬಿದ್ದ ಕೋಣೆ ಆ ಮನುಷ್ಯನ ಸ್ವಂತದ್ದು. ಬೀಳದ ಕೋಣೆ ಬಾಡಿಗೆಯದು, ಅಲ್ಲಿ ಹೊರಗಿನವರು ಬಂದು ಇದ್ದು ಹೋಗುತ್ತಾರೆ.

ತಿಪ್ಪವ್ವ ತಾಯಿಯ ಬಾಯಿಂದ ಕೇಳಿದ್ದನ್ನು ಹೇಳಿದಳು. "ದೀಪಾ ಹಚ್ಚೂ ಹೊತ್ತಂತರಿ ಅಜ್ಜಾರ. ದನಾ ಹೊಳ್ಳಿ ಮನಿಗೆ ಬರಾಕತ್ತಿದ್ವಂತ. ಸಣ್ಣಗ ಮಳಿ ಹತ್ತಿತ್ತಂತ."

ಅಜ್ಜ ಕಾಳು ಇಟ್ಟ. ಗಂಟಲಲ್ಲಿ ಮಾತ್ರ ಬಿತ್ತು. ಉಳಿದ ಕೋಣೆಗಳೆಲ್ಲ ಖಾಲಿ. ಅಜ್ಜ ಬಹಳ ಹೊತ್ತು ಆ ಖಾಲಿ ಕೋಣೆಗಳನ್ನು ನೋಡಿದ. ಆಮೇಲೆ ಅವಳನ್ನು ನೋಡದೆ, ಕಂಬಳಿಯನ್ನೇ ನೋಡುತ್ತ ಹೇಳಿದ. ಇವಳಿಗೆ ಹಾಡು ಮಾತ್ರ ಸ್ವಂತದ್ದು. ಯಾರ ಬಾಜು ಕೂಡುತ್ತಾಳೋ ಅವರ ನಡಿಗೆ, ಅವರ ಮಾತು ಇವಳಿಗೆ ಬಂದುಬಿಡುತ್ತದೆ. ದುಃಖ ಇಲ್ಲದೆ ಅಳುತ್ತಾಳೆ, ಹಸಿವೆ ಇಲ್ಲದೆ ಮಂದಿಯ ತಾಟಿನಲ್ಲಿ ಉಣ್ಣುತ್ತಾಳೆ. ಒಬ್ಬಳೇ ಮಲಗಲಾರಳು. ಸಣ್ಣ ವಯಸ್ಸಿನಲ್ಲಿ ಗಂಡು ದೇವರ ವೇಷ ಹಾಕಿ ರಂಗಕ್ಕೆ ಬಂದಿದ್ದಾಳೆ. ರಾಣಿ ಆದರೆ ರಾಣಿ, ಸೂಳೆ ಆದರೆ ಸೂಳೆ, ಯಾರು ಬಂದರೂ ಇವಳೊಳಗೆ ಜಾಗ ಇದೆ. ಅದಕ್ಕೇ ಇವಳಂಥ ನಟಿ ಸಿಗುವುದಿಲ್ಲ.

ಇಷ್ಟನ್ನು ಮಾಲಕರು ಹೇಳಿ ಕಳಿಸಿರಬಹುದು ಎಂದು ನಾನು ಒಳಗೇ ನಗುತ್ತಿದ್ದೆ. ಆಗ ಅಜ್ಜ ತಲೆ ಎತ್ತಿ, "ಕನ್ನಡಿ ಮುಂದ ಬಾಳ ಹೊತ್ತು ಕುಂದರತೀದಿ. ಚೆಲುವಿಗೆ ಅಲ್ಲ. ನೀ ಅದಿಯೋ ಇಲ್ಲೋ ಅಂತ ನೋಡಾಕ. ಹೌದಲ್ಲೋ?" ಎಂದ. ತಿಪ್ಪವ್ವನ ಕುತ್ತಿಗೆಯ ನರ ಎದ್ದದ್ದು ನಾನು ಕಂಡೆ. ನನ್ನ ನಗು ನಿಂತುಹೋಯಿತು.

ಸಿನೆಮಾದ ಮಾತು ಕೇಳಿದಳು. ಅಜ್ಜ ಹೇಳಿದ್ದು ಇದು. "ನಾಟಕದಾಗ ಬಂದಾಕಿ ಬಣ್ಣ ಒರಸಿದ ಕೂಡಲೇ ಎದ್ದು ಹೋಗತಾಳ. ಚಿತ್ರದಾಗ ಹಂಗಲ್ಲ ತಂಗಿ. ಅದು ಹಿಡಕೊಂಡಿದ್ದನ್ನ ಬಿಡೂದಿಲ್ಲ. ನೀ ಅಲ್ಲೇ ಉಳಿದು, ಇಲ್ಲಿ ಮನಿ ಪೂರಾ ಖಾಲಿ ಆದ್ರ, ಯಾರು ಬಂದು ಸೇರತಾರ ಅನ್ನೂದು ನನಗ ತಿಳಿಯಂಗಿಲ್ಲ. ಹೋಗಬ್ಯಾಡ."

ಅಲ್ಲಿಂದ ತಂಬೂರಕ್ಕೆ ಬಂದೆವು. ಅವ್ವ ಬಿಸಿ ರೊಟ್ಟಿ ಹಾಕಿದಳು, ಮುಟ್ಟಲಿಲ್ಲ. ನಡೆದದ್ದನ್ನು ನಾನೇ ಹೇಳಿದೆ. ಅವ್ವ ಒಲೆಯ ಮುಂದೆ ಕೂತು ಕೇಳುತ್ತಿದ್ದವಳು, ದೀಪ ಹಚ್ಚುವ ಹೊತ್ತು ಎಂದ ಕೂಡಲೇ ಕೈ ನಿಲ್ಲಿಸಿದಳು.

"ಯಾರ ಹೇಳಿದ್ರು ನಿನಗ?"

"ನಮ್ಮವ್ವ."

"ಹುಚ್ಚಿ, ಅದು ನಿಂದಲ್ಲಬೇ. ನಿನಗಿಂತ ಮೊದಲ ಹೋತಲ್ಲ, ಅದು ಹುಟ್ಟಿದ ಹೊತ್ತು. ನೀ ಹುಟ್ಟಿದ್ದು ಸುಡುಸುಡು ಬಿಸಿಲಾಗ. ತಿಪ್ಪಿಯಿಂದ ನಿನ್ನ ಎತ್ತಬೇಕಾರ ನನ್ನ ಅಂಗಾಲು ಸುಟ್ಟಿದ್ವು."

ಆಮೇಲೆ ಅವ್ವ ಬಿಡಿಸಿ ಹೇಳಿದಳು. ಕೊಂಡ ಕೂಸಿನ ನಿಜವಾದ ಹೊತ್ತನ್ನು ತಾಯಿ ಬಾಯಿ ಬಿಟ್ಟು ಹೇಳುವಂತಿಲ್ಲ. ಹೇಳಿದರೆ ತಾನೇ ಹೆತ್ತದ್ದೆಂದು ಸಾವಿಗೆ ಒಪ್ಪಿಕೊಂಡ ಹಾಗೆ. ಕೂಸು ದೊಡ್ಡದಾಗಿ, ನಾನು ಯಾವಾಗ ಹುಟ್ಟಿದೆ ಎಂದು ಕೇಳಿದರೆ ಆ ತಾಯಿ ಏನು ಹೇಳಬೇಕು? ಸತ್ತ ಕೂಸಿನದನ್ನು ಹೇಳಿದ್ದಳು. ಅದನ್ನು ಕೇಳಿಸಿಕೊಂಡು ಸಾವು ಬಂದರೂ ಒಯ್ಯಲಿಕ್ಕೆ ಅಲ್ಲಿ ಏನೂ ಇರಲಿಲ್ಲ.

ತಿಪ್ಪವ್ವ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಸತ್ತ ಕೂಸಿಗೆ ಮದರಾಸಿಗೆ ಹೋಗಬೇಡ ಎಂದು ಹೇಳಿದ್ದಾನೆ ಅಜ್ಜ! ನಾನೂ ನಕ್ಕೆ. ಅವಳು ಅಂದು ಮೂರು ರೊಟ್ಟಿ ಉಂಡಳು. ಮರುದಿನ, ಅಜ್ಜನಿಗೆ ಸರಿಯಾದ ಹೊತ್ತು ಹೇಳಿ ಮತ್ತೊಮ್ಮೆ ಕೇಳೋಣ, ಹೋಗು ಎನ್ನಿಸಿಕೊಂಡೇ ಹೋಗುತ್ತೇನೆ ಎಂದು ಹಟ ಹಿಡಿದಳು. ಚಕ್ಕಡಿ ಹೂಡಿಸಿಕೊಂಡು ಮತ್ತೆ ದೇವಿಕೊಪ್ಪಕ್ಕೆ ಹೋದೆವು.

ಅಜ್ಜ ಸಿಟ್ಟು ಮಾಡಲಿಲ್ಲ. ಮತ್ತೆ ಕಂಬಳಿ ಹಾಸಿ, ಗೆರೆ ಎಳೆದು, ಕಾಳು ಇಟ್ಟ. ಈ ಸಲ ಕೋಣೆ ಕೋಣೆಗೂ ಕಾಳು ಬಿತ್ತು. ಗಂಟಲು ಒಂದು ಬರಿದು.

"ಈಕಿ ಗಟ್ಟಿ ಹೆಣಮಗಳು" ಎಂದ ಅಜ್ಜ. "ದನಾ, ಹೊಲಾ, ಮಕ್ಕಳು. ಊರು ಬಿಟ್ಟು ಹೋಗೂ ಪೈಕಿ ಅಲ್ಲ. ಬಾಯಿ ಬಿಟ್ರ ಓಣಿ ಎದ್ದು ಕುಂದರತೈತಿ, ಆದ್ರ ಹಾಡು ಬರಂಗಿಲ್ಲ. ವೇಷ ಹಾಕು ಅಂದ್ರ ನಾಚಿ ಓಡಿ ಹೋಗತಾಳ."

ತಿಪ್ಪವ್ವ ನನ್ನ ಕಡೆ ಕೈ ಮಾಡಿ, "ಅಜ್ಜಾರ, ಇದು ನಮ್ಮ ಅಕ್ಕಂದು ಬಿದ್ದೈತಿ ನೋಡ್ರಿ!" ಎಂದು ನಕ್ಕಳು. ಅಜ್ಜ ನಗಲಿಲ್ಲ. ಹೊರಗೆ ಹಾಡಹಗಲು, ಬಾಗಿಲಲ್ಲಿ ಕೋಳಿ ಕೆದರುತ್ತಿದ್ದವು.

"ನಿನ್ನೆ ಕಟ್ಟಿದ ಮನಿಯಾಕಿ ನನ್ನ ಮುಂದ ಕುಂತಾಳ" ಎಂದ. "ಈ ಮನಿಯಾಕಿ ಎಲ್ಲೆ ಅದಾಳ?"

ಅಜ್ಜ ನನ್ನ ಕಡೆ ತಿರುಗಿ, ಮೊದಲನೆಯ ಕೂಸನ್ನು ಎಲ್ಲಿ ಮಣ್ಣು ಮಾಡಿದರು ಎಂದು ಕೇಳಿದ. ನನಗೆ ಅದು ಗೊತ್ತಿತ್ತು, ಆ ಜಾಗದಲ್ಲಿ ಆಡಬೇಡ ಎಂದು ಸಣ್ಣವಳಿದ್ದಾಗ ಹೊಡೆಸಿಕೊಂಡಿದ್ದೆ. "ಹಿತ್ತಲದಾಗರಿ, ತಿಪ್ಪಿ ಬಾಜೂಕ" ಎಂದೆ. ಅಜ್ಜ ಕಂಬಳಿಯನ್ನು ಕಾಳುಸಹಿತ ಮಡಚಿ ಎತ್ತಿದ. ನಾವು ತಂದ ಕಾಯಿ ಮುಟ್ಟಲಿಲ್ಲ. ಹೋಗು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ದಾರಿಯಲ್ಲಿ ತಿಪ್ಪವ್ವ ಲೆಕ್ಕ ಹಾಕಿದಳು. ಒಂದು ನನ್ನದಲ್ಲ. ಇನ್ನೊಂದರಲ್ಲಿ ನನಗೆ ಹಾಡೇ ಬರುವುದಿಲ್ಲ. ಹಾಗಾದರೆ ಅಜ್ಜನ ಶಾಸ್ತ್ರವೇ ಸುಳ್ಳು, ಹೋಗಲಿಕ್ಕೆ ಅಡ್ಡಿ ಏನು? ಲೆಕ್ಕ ಸರಿಯಾಗಿಯೇ ಇತ್ತು. ನಾನೂ ಹೌದು ಎಂದೆ. ಇಂದು ಯಾರಾದರೂ ಕೇಳಿದರೂ ಆ ಲೆಕ್ಕದಲ್ಲಿ ತಪ್ಪು ತೋರಿಸಲು ನನಗೆ ಆಗುವುದಿಲ್ಲ. ನವಲಗುಂದಕ್ಕೆ ಕಂಪನಿಯ ಸಾಮಾನು ಹೇರುವ ದಿನ ಅವಳು ಕಾರು ಹತ್ತಿ ಹೋದಳು.

ಮಾಲಕರು ಬೇರೆ ಹುಡುಗಿಯನ್ನು ತಂದರು. ನಾನು ಅಡುಗೆ ಮಾಡಿಕೊಂಡು ಊರೂರು ತಿರುಗಿದೆ. ಒಂದು ವರ್ಷ ದಾಟಿರಬೇಕು, ಯಮನೂರಿನ ಹತ್ತಿರ ಕ್ಯಾಂಪು ಇದ್ದಾಗ ಅವ್ವ ಊರವರೊಬ್ಬರ ಕೈಯಲ್ಲಿ ಹೇಳಿ ಕಳಿಸಿದಳು. ತಿಪ್ಪವ್ವ ಬಂದಿದ್ದಾಳೆ, ನೀನು ಬಾ.

ನಾನು ಹೋದಾಗ ಅವಳು ಹಿತ್ತಲಲ್ಲಿ ಸೀರೆ ಎತ್ತಿ ಕಟ್ಟಿ ಸಗಣಿಯ ಕುಳ್ಳು ತಟ್ಟುತ್ತಿದ್ದಳು. ಕರು ಬಂದು ಬುಟ್ಟಿಗೆ ಬಾಯಿ ಹಾಕಿತು. "ಏ ಸರಿಯಽ, ನಿನ್ನ ಹೆಣಾ ಎತ್ತಲಿ!" ಎಂದು ಒದರಿದಳು. ಓಣಿಯ ಕೊನೆಗೆ ಕೇಳುವ ದನಿ, ಒಡೆದ ಹಲಗೆ ಬಾರಿಸಿದಂತೆ. ಅಂಗಾಲು ಊರಿ ಊರಿ ನಡೆಯುತ್ತಿದ್ದಳು. ನನ್ನನ್ನು ಕಂಡು, "ಬಾರ ಅಕ್ಕಾ, ಬಾಳ ದಿನಾತು ಕಾಣಲಿಲ್ಲ" ಎಂದಳು.

"ನೀ ಯಾವಾಗ ಬಂದಿ ಮದರಾಸಿಂದ?"

"ನಾ ಎಲ್ಲೆ ಹೋಗಿದ್ನಿಽ?"

ನನ್ನ ಕೂಡ ಆಟ ಆಡುತ್ತಿದ್ದಾಳೆ ಎಂದುಕೊಂಡೆ. ಬೈದೆ. ಅವಳು ಪಿಳಿಪಿಳಿ ನೋಡಿದಳು. ಕಂಪನಿ ಎಂದರೆ ಗೊತ್ತಿಲ್ಲ. ಕುಸುಮಾ ಯಾರೋ ಗೊತ್ತಿಲ್ಲ. ಅವಳೇ ಹಾಡುತ್ತಿದ್ದ ಪದವನ್ನು ನಾನು ಎತ್ತಿದೆ. "ಚಲೋ ಐತಿ, ಯಾರದು?" ಎಂದಳು. ನೀನೂ ಅನ್ನು ಎಂದರೆ ನಾಚಿ, ಸೆರಗು ಬಾಯಿಗೆ ಇಟ್ಟುಕೊಂಡಳು. ಆದರೆ ತಂಬೂರದ ಸಂಗತಿ ಎಲ್ಲ ಗೊತ್ತಿತ್ತು. ತಾನು ಊರಲ್ಲಿ ಇಲ್ಲದ ವರ್ಷಗಳಲ್ಲಿ ಯಾರ ಮದುವೆ ಆಯಿತು, ಯಾರ ಎತ್ತು ಬಾವಿಗೆ ಬಿತ್ತು, ನಾನು ಗಂಡನನ್ನು ಕಳೆದುಕೊಂಡು ಬಂದಾಗ ಯಾವ ಮೂಲೆಯಲ್ಲಿ ಕೂತಿದ್ದೆ, ಎಲ್ಲ ಕಣ್ಣಾರೆ ಕಂಡವರ ಹಾಗೆ ಹೇಳಿದಳು. ಅವ್ವ ಹೇಳಿರಬೇಕು ಎಂದುಕೊಂಡು ಕೇಳಿದೆ. "ನಾ ಯಾಕ ಹೇಳಲಿ? ನನಗಽ ಮರತಿತ್ತು" ಎಂದಳು ಅವ್ವ. ಅವಳೂ ಹೆದರಿದ್ದಳು. ಎತ್ತಿ ಮಾರಿದವಳಲ್ಲವೇ.

ಅವಳನ್ನು ಹೋಲುವ ಬೇರೆ ಯಾರೋ ಬಂದು ಮನೆ ಸೇರಿದ್ದಾರೆ ಎನ್ನುತ್ತೀರಿ. ನಾನು ನೋಡದೆ ಬಿಟ್ಟಿಲ್ಲ. ಅದೇ ಮೈ. ಕಂಪನಿಯ ಗ್ಯಾಸಬತ್ತಿ ತಾಕಿ ಎಡ ಮಣಿಕಟ್ಟಿನ ಮೇಲೆ ಆಗಿದ್ದ ಸುಟ್ಟ ಕಲೆ ಅಲ್ಲೇ ಇತ್ತು. "ಒಲಿ ಹತ್ತಿದ್ದು" ಎಂದಳು. ತಲೆ ಬಾಚಿದೆ, ಅದೇ ಕೂದಲು, ಅದೇ ಸುಳಿ. ಜಡೆ ಮುಗಿದ ಕೂಡಲೇ ಎದ್ದು ಹೋದಳು. ಗೋಡೆಯ ಕನ್ನಡಿಯ ಕಡೆ ತಿರುಗಿಯೂ ನೋಡಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಮನಸ್ಸಿಗೆ ಪೆಟ್ಟು ಬಿದ್ದಿದೆ, ಹೊಳ್ಳಿ ಬರುತ್ತದೆ ಎಂದರು. ಮಾಲಕರು ತಾವೇ ಬಂದರು. ಅವರನ್ನು ಕಂಡು ಇವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಓಡಿ, "ಅಕ್ಕಾ, ಯಾರೋ ಗಂಡಸರು ಬಂದಾರ ನೋಡ" ಎಂದಳು. ಮಾಲಕರು ಹೊರಗೆ ಬಂದು ಬೀಡಿ ಹಚ್ಚಿ, "ನಾಟಕ ಮಾಡಾಕತ್ತಾಳ, ಆ ಅಜ್ಜ ಹೇಳಿದ ಪಾರ್ಟು ಬಾಯಿಪಾಠ ಮಾಡ್ಯಾಳ" ಎಂದರು. ಅದೂ ಇರಬಹುದು. ಒಮ್ಮೆ ಕೇಳಿದ ಪಾತ್ರವನ್ನು ಅವಳು ಮರೆಯುತ್ತಿರಲಿಲ್ಲ. ಆದರೆ ನೋಡುವವರೇ ಇಲ್ಲದ ಕಡೆ, ಕೊಟ್ಟಿಗೆಯಲ್ಲಿ, ನಿದ್ದೆಯಲ್ಲಿ ಯಾರು ನಾಟಕ ಆಡುತ್ತಾರೆ? ನಿದ್ದೆಯಲ್ಲೂ ಅವಳು ದನಗಳನ್ನೇ ಬೈಯುತ್ತಿದ್ದಳು.

ದೇವಿಕೊಪ್ಪಕ್ಕೆ ಹೋದೆ. ಅಜ್ಜ ತೀರಿಕೊಂಡಿದ್ದ. ಆ ವಿದ್ಯೆ ಬಲ್ಲವರು ಮನೆಯಲ್ಲಿ ಮತ್ತೊಬ್ಬರಿರಲಿಲ್ಲ.

ಆ ಬೇಸಿಗೆಯಲ್ಲಿ ಅವಳ ಚಿತ್ರ ಕಲಘಟಗಿಯ ಟೆಂಟಿಗೆ ಬಂತು. ತನ್ನ ಮುಖ ತಾನು ಕಂಡರೆ ನೆನಪಾದೀತು ಎಂದು ಮೊದಲನೆಯ ಆಟಕ್ಕೆ ಕರೆದುಕೊಂಡು ಹೋದೆ. ಹೆಂಗಸರ ಕಡೆ ನೆಲದ ಮೇಲೆ ಕೂತೆವು. ಅವಳು ಸಿನೆಮಾ ಎಂದೂ ನೋಡದವರ ಹಾಗೆ ಬಾಯಿ ತೆರೆದು ನೋಡಿದಳು. ಅವಳ ಮುಖ ಪರದೆಯ ತುಂಬ ಬಂದಾಗ ನಮ್ಮೂರ ಹುಡುಗರು ಸಿಳ್ಳೆ ಹೊಡೆದು ಹಿಂದೆ ತಿರುಗಿ ಇವಳನ್ನು ನೋಡಿದರು. ಇವಳಿಗೆ ಅದು ತಿಳಿಯಲಿಲ್ಲ. ಹಾಡು ಬೇರೆ ಯಾರದೋ ದನಿ, ಮಾತು ಮಾತ್ರ ಅವಳದೇ, ಕಂಪನಿಯಲ್ಲಿ ನಾನು ದಿನಾ ಕೇಳುತ್ತಿದ್ದ ಮೆತ್ತನೆಯ ದನಿ.

ಒಂದು ಕಡೆ ಚಿತ್ರದವಳು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತ ನಿಲ್ಲುತ್ತಾಳೆ. ಮಾತಿಲ್ಲ. ತಿಪ್ಪವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

"ಅಕ್ಕಾ, ಆಕಿ ನನ್ನ ಯಾಕ ಹಂಗ ನೋಡಾಕತ್ತಾಳ?"

"ಎಲ್ಲಾರನ್ನೂ ನೋಡತಾಳ ಸುಮ್ಮನಿರಬೇ, ಅದು ಪಡದೆ" ಎಂದೆ. ಅವಳು ತೋಳು ಬಿಡಲಿಲ್ಲ. ಎದ್ದು ಹೊರಗೆ ಬಂದೆವು.

ಮರುದಿನ ನಾನು ಒಬ್ಬಳೇ ಹೋದೆ. ಬೇಕೆಂದೇ ಹಿಂದಿನ ದಿನದ ಜಾಗ ಬಿಟ್ಟು ಮತ್ತೊಂದು ತುದಿಗೆ ಕೂತೆ. ಕಿಟಕಿಯ ಚಿತ್ರ ಬಂತು. ಅವಳು ನನ್ನನ್ನು ನೋಡಲಿಲ್ಲ. ಹಿಂದಿನ ದಿನ ನಾವು ಕೂತಿದ್ದ ಜಾಗವನ್ನು ನೋಡುತ್ತಿದ್ದಳು, ಯಾರನ್ನೋ ಹುಡುಕುವ ಹಾಗೆ. ಅಲ್ಲಿ ಕೂತಿದ್ದ ಹೆಂಗಸರಿಗೆ ಏನಾದರೂ ಅನಿಸಿತೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಿ ಅವರು ಹೌದು ಎಂದರೆ ಏನು ಮಾಡಬೇಕಿತ್ತು?

ತಿಪ್ಪವ್ವನಿಗೆ ಆಮೇಲೆ ಮದುವೆ ಆಯಿತು. ಗಂಡ ಒಕ್ಕಲುತನದವನು, ಮನೆಯಳಿಯನಾಗಿ ಬಂದ. ಮಕ್ಕಳಾದರು. ಈಗ ಮೊಮ್ಮಕ್ಕಳು. ಗೋಡೆಯ ಆಚೆ ಇದ್ದಾಳೆ, ಬೆಳಗಾದರೆ ಬಾಯಿ ಮಾಡುತ್ತಾಳೆ, ನನಗೆ ರೊಟ್ಟಿ ಕಳಿಸುತ್ತಾಳೆ. ಒಳ್ಳೆಯವಳು, ಅವಳ ಮೇಲೆ ನನಗೆ ಯಾವ ದೂರೂ ಇಲ್ಲ. ಡಾಕ್ಟರು ಹೇಳಿದ ನೆನಪು ಹೊಳ್ಳಿ ಬರಲಿಲ್ಲ. ಚಿತ್ರ ಎಲ್ಲಿ ಹೋಯಿತೋ, ಮತ್ತೆ ಯಾವ ಟೆಂಟಿಗೂ ಬರಲಿಲ್ಲ.

ನನ್ನ ಕೂಡ ಊರೂರು ತಿರುಗಿ, ನನ್ನ ತಾಟಿನಲ್ಲಿ ಉಂಡು, ಒಬ್ಬಳೇ ಮಲಗಲಾರದೆ ನನ್ನ ಬಾಜು ಮಲಗುತ್ತಿದ್ದವಳು ಯಾರು, ಈಗ ಗೋಡೆಯ ಆಚೆ ಇರುವವಳು ಯಾರು, ನನಗೆ ತಿಳಿದಿಲ್ಲ. ನೀನು ಅವಳಿಗಾಗಿ ಒಂದು ದಿನವೂ ಅಳಲಿಲ್ಲವಲ್ಲ ಎಂದು ಹಳೆಯ ಕಂಪನಿಯವರು ಕೇಳುತ್ತಾರೆ. ಅಳಬೇಕೆಂದರೂ ಸತ್ತವರು ಯಾರು ಎಂದು ಗೊತ್ತಿರಬೇಕಲ್ಲ.